ಏರುಮಡಿ

ಅಜ್ಮಾನಿನ ಈ ಮಾಳಿಗೆಯ ಮೇಲೆ ನೆಲ ಇಲ್ಲ.
ನೆಲವನ್ನು ನಾವೇ ಹೊತ್ತು ತಂದೆವು, ನಾಲ್ಕು ಮಹಡಿ,
ಲಿಫ್ಟು ಕೆಟ್ಟ ವಾರ.
ಬಂದರಿನವರು ಬಿಸಾಕಿದ ಪ್ಯಾಲೆಟ್ಟು ಬಿಚ್ಚಿ
ಮೊಳೆ ನೆಟ್ಟಗೆ ಮಾಡಿ ಮತ್ತೆ ಹೊಡೆದು
ಮೊಣಕಾಲೆತ್ತರದ ಮೂರು ಪೆಟ್ಟಿಗೆ.
ತಳಕ್ಕೆ ಹಳೆಯ ಫಿಲ್ಟರಿನ ಬಲೆ,
ಮೇಲೆ ತೆಂಗಿನ ನಾರಿನ ಪುಡಿ, ಕುರಿಗೊಬ್ಬರ,
ಉಪ್ಪು ಬಿಡಲೆಂದು ಏಳು ನೀರಿನಲ್ಲಿ ತೊಳೆದ ಮರಳು.
ಅಕ್ಕಿ ತೊಳೆದ ಹಾಗೆ, ಎಂದ ಸಿರಾಜುಲ್.
ಅವನು ಮುನಿಸಿಪಾಲಿಟಿಯ ತೋಟದವ; ಹಗಲಿಡೀ
ರಸ್ತೆ ನಡುವಿನ ಹೂಗಳಿಗೆ ಅಪ್ಪ,
ರಾತ್ರಿ ನಮ್ಮವಕ್ಕೆ.

ಏರುಮಡಿ ಅನ್ನುತ್ತಾರೆ ನಮ್ಮಲ್ಲಿ, ಎಂದೆ.
ಅವನ ಬಾಂಗ್ಲಾ ಬಾಯಲ್ಲಿ ಅದು ಎರುಮೊಡಿ ಆಯಿತು.
ಹಾಗೇ ಉಳಿಯಿತು.

ಒಂದರಲ್ಲಿ ಸ್ಟ್ರಾಬೆರಿ, ಹದಿನಾಲ್ಕು ಬುಡ.
ಒಂದರಲ್ಲಿ ಪುದೀನ, ದೊಡ್ಡಪತ್ರೆ, ಮತ್ತೆ
ಎದುರು ಮನೆಯ ಉಮ್ಮ್ ಖಲ್ಫಾನ್
ತಟ್ಟೆ ಖಾಲಿ ಹಿಂದಿರುಗಿಸಬಾರದೆಂದು
ಕಾಗದದಲ್ಲಿ ಮಡಚಿ ಕೊಟ್ಟ ರೈಹಾನ್ ಬೀಜ.
ಚಿಗುರಿದ ಮೇಲೆ ಮೂಸಿ ನೋಡಿದರೆ, ಅರೆ, ಕಾಮಕಸ್ತೂರಿ!
ಹೆಸರು ಬದಲಿಸಿ ಊರೂರು ಸುತ್ತುವ ಕಿಲಾಡಿ.
ಮೂರನೆಯದರಲ್ಲಿ ಚೆಂಡು ಹೂವು.
ಅದಕ್ಕೆ ಯಾರೂ ಏನೂ ಹೇಳಿಕೊಡಬೇಕಿಲ್ಲ.

ನನ್ನ ಕೆಲಸ ಏಸಿ ರಿಪೇರಿ.
ಹಾಗಾಗಿ ನೀರು ನನ್ನ ಖಾತೆ.
ಇಲ್ಲಿಯ ನಲ್ಲಿಯಲ್ಲಿ ಬರುವುದು ಕಡಲೇ; ಎಷ್ಟು ಸಿಹಿ ಮಾಡಿದರೂ
ಸ್ಟ್ರಾಬೆರಿಯ ಎಲೆಯಂಚಿಗೆ ಗೊತ್ತಾಗಿ ಕಂದುತ್ತದೆ.
ಏಸಿ ತೊಟ್ಟಿಕ್ಕುವ ನೀರಿಗೆ ಉಪ್ಪಿಲ್ಲ;
ಜುಲೈಯಲ್ಲಿ ಒಂದು ಯಂತ್ರ ರಾತ್ರಿಗೊಂದು ಬಕೀಟು ಬೆವರುತ್ತದೆ.
ಆದರೆ ಜುಲೈಯಲ್ಲಿ ಸ್ಟ್ರಾಬೆರಿ ಬದುಕುವುದಿಲ್ಲ,
ಅದು ಬದುಕುವ ಡಿಸೆಂಬರಿನಲ್ಲಿ ಏಸಿ ಹಾಕುವವರಿಲ್ಲ.
ಹಲ್ಲು ಕಡಲೆಯ ಹಳೇ ಜಗಳ.

ಬೇಸಿಗೆಯಿಡೀ ಕೂಡಿಟ್ಟೆ, ಮೂವತ್ತೊಂದು ಕ್ಯಾನು,
ಮೆಟ್ಟಿಲ ಕೆಳಗೆ, ಕತ್ತಲಲ್ಲಿ, ತಾರೀಕು ಬರೆದು,
ಉಪ್ಪಿನಕಾಯಿ ಭರಣಿಯ ಹಾಗೆ.
ನವೆಂಬರಿನಲ್ಲಿ ಹೊಸದಾಗಿ ಸೇರಿದ ಪೋಖ್ರೇಲ್,
ಒಳ್ಳೆಯ ಹುಡುಗ, ಒಂದು ರಜೆಯ ದಿನ ಎಲ್ಲರಿಗಿಂತ ಮೊದಲೆದ್ದು
ಹಳಸಿದ ನೀರೆಂದು ಅಷ್ಟನ್ನೂ ಚೆಲ್ಲಿ
ಮೆಟ್ಟಿಲು ತೊಳೆದಿದ್ದ.
ನಾಲ್ಕು ಮಹಡಿಯೂ ಫಳಫಳ.
ಬೈಯಲು ಬಾಯಿ ಏಳಲಿಲ್ಲ.

ಚಳಿಗಾಲದಲ್ಲೂ ನಿಲ್ಲದ ಯಂತ್ರ ಒಂದುಂಟು, ನನಗೆ ಗೊತ್ತು.
ಆಸ್ಪತ್ರೆಯ ಹಿಂಬದಿ, ಹೆಸರಿನ ಹಲಗೆ ಇಲ್ಲದ ಬಾಗಿಲು.
ಒಳಗೆ ಕಾಗದ ಬರುವ ತನಕ ಕಾಯುವವರು:
ಯಾರದೋ ಸಹಿ, ಕಂಪನಿಯ ಸೀಲು, ವಿಮಾನದಲ್ಲಿ ಜಾಗ.
ತಿಂಗಳಿಗೊಮ್ಮೆ ಗ್ಯಾಸ್ ನೋಡಲು ಹೋಗುವವ ನಾನೇ.
ಗೋಡೆಯ ಪೈಪಿನಿಂದ ತೊಟ್ಟು, ತೊಟ್ಟು.
ಕ್ಯಾನು ಇಟ್ಟೆ. ತುಂಬಿತು. ತಂದೆ.

ಸಿರಾಜುಲ್‌ನಿಗೊಬ್ಬನಿಗೆ ಹೇಳಿದೆ.
ಅವನು ಬಹಳ ಹೊತ್ತು ಪುದೀನದ ಕಳೆ ಕಿತ್ತ.
ಅಲ್ಲಿ ಕಳೆ ಇರಲಿಲ್ಲ.
ನನ್ನ ಭಾಷೆಯೂ ಸಹಾಯಕ್ಕೆ ಬರಲಿಲ್ಲ:
ಮಡಿ ಅಂದರೆ ಸಸಿಯ ಪಾತಿ, ಮಡಿ ಅಂದರೆ ಮುಟ್ಟಬೇಡ,
ಮಡಿ ಅಂದರೆ…
ಹೂವಿಗೆ ಹಾಕು, ಎಂದ ಕೊನೆಗೆ. ತಿನ್ನುವುದಕ್ಕೆ ಬೇಡ.
ಆಮೇಲೆ ನೆಪ ಹುಡುಕಿ ವಾರವಾರ ಹೋದೆ.

ಚೆಂಡು ಹೂವು ಆ ಸಲ ಅರಳಿದ್ದನ್ನು ನೀವು ನೋಡಬೇಕಿತ್ತು.
ಫೆಬ್ರವರಿಯಲ್ಲಿ ಗ್ಯಾಸ್ ನೋಡಲು ಹೋದಾಗ
ಒಂದು ಹೂವು ಜೇಬಿನಲ್ಲಿತ್ತು. ಎಲ್ಲಿಡಲಿ?
ಆ ಬಾಗಿಲ ಒಳಗೆ ಹೂವಿಗೆ ಅನುಮತಿ ಇಲ್ಲ.
ಹೊರಗಿನ ಯಂತ್ರದ ಮೇಲಿಟ್ಟೆ. ಫ್ಯಾನು ಊದಿ ಎಸೆಯಿತು.
ಮತ್ತೆ ಇಟ್ಟೆ. ಮತ್ತೆ ಎಸೆಯಿತು.
ಸ್ಪ್ಯಾನರುಗಳ ನಡುವೆ ಹಾಕಿಕೊಂಡು ಬಂದೆ.

ಸ್ಟ್ರಾಬೆರಿ? ನಲ್ಲಿ ನೀರಿನಲ್ಲೇ ಮೂರು ಬಿಟ್ಟವು.
ಒಂದು ಉಮ್ಮ್ ಖಲ್ಫಾನಳ ತಟ್ಟೆಗೆ.
ಉಳಿದೆರಡನ್ನು ವೈರು ಸುಲಿಯುವ ಚಾಕುವಿನಲ್ಲಿ
ಸಿರಾಜುಲ್ ಐದು ಪಾಲು ಮಾಡಿದ, ಹೇಗೆಂದು ಕೇಳಬೇಡಿ.
ಹುಳಿ ಇತ್ತು. ಒಂಚೂರು ಉಪ್ಪೂ.
ಪೋಖ್ರೇಲ್ ಬೀಜ ಉಗಿಯಲು ಬಾಯೊಳಗೆ ಹುಡುಕುತ್ತಿದ್ದ.
ಅದು ಹಣ್ಣಿನ ಹೊರಗೇ ಇರುತ್ತದೆಂದು
ಅವನಿಗೆ ಯಾರೂ ಹೇಳಿರಲಿಲ್ಲ.